ಬಾರ್ಬೆಕ್ಯೂ ಸಾಸಿನ ಹುಳಿ ಕೊನೆಗೂ ಹದಕ್ಕೆ ಬಂತು

ಎರಡು ಕಪ್ ಟೊಮೆಟೊ ಪ್ಯೂರಿ, ಅರ್ಧ ಕಪ್ ವಿನೆಗರ್, ಕಾಲು ಕಪ್ ಕಂದು ಸಕ್ಕರೆ. ನಾನು ಶುರು ಮಾಡಿದ್ದು ಇಷ್ಟರಿಂದ. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಹುಳಿಗೆ ಸಕ್ಕರೆ ಹಾಕಿದರೆ ಸರಿಹೋಗುತ್ತೆ ಅಲ್ವಾ ಅಂತ ಚಮಚದ ಮೇಲೆ ಚಮಚ ಸುರಿದೆ. ಸಾಸ್ ಜಾಮ್ ಥರ ಆಯಿತು, ಹುಳಿ ಮಾತ್ರ ಹಾಗೇ ಉಳಿಯಿತು.

ಮುಂದಿನ ಸಲ ಇಡೀ ಪಾತ್ರೆಗೆ ಕೈ ಹಾಕಲಿಲ್ಲ. ನಾಲ್ಕು ಬಟ್ಟಲಿಗೆ ಎರಡೆರಡು ಚಮಚ ಸಾಸ್ ತೆಗೆದು, ಒಂದಕ್ಕೆ ಚಿಟಿಕೆ ಉಪ್ಪು, ಒಂದಕ್ಕೆ ಸಕ್ಕರೆ, ಒಂದಕ್ಕೆ ಚೂರು ಬೆಣ್ಣೆ ಬೆರೆಸಿ, ಇನ್ನೊಂದನ್ನು ಸುಮ್ನೆ ಬಿಟ್ಟು, ಸ್ವಲ್ಪ ಆರಿದ ಮೇಲೆ ಒಂದೊಂದಾಗಿ ರುಚಿ ನೋಡಿದೆ. ಗೆದ್ದಿದ್ದು ಉಪ್ಪು! ಸಿಹಿಯೂ ಎದ್ದು ಬಂತು, ಹುಳಿಯೂ ತಣ್ಣಗಾಯಿತು. ಬೆಣ್ಣೆ ಹಾಕಿದ್ದು ನಾಲಿಗೆಗೆ ಮೆತ್ತಗಿತ್ತು, ಹಾಗಾಗಿ ಕೊನೆಯಲ್ಲಿ ಅದನ್ನೂ ಒಂದು ಚಮಚ ಸೇರಿಸಿದೆ.

ಇನ್ನೊಂದು ತಪ್ಪು ಅವಸರ. ಮೊದಲ ಸಲ ಹತ್ತೇ ನಿಮಿಷ ಕುದಿಸಿದ್ದೆ. ಈ ಸಲ ಈರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 40 ನಿಮಿಷ ಬಿಟ್ಟೆ. ವಿನೆಗರ್‌ನ ಮೂಗಿಗೆ ಹೊಡೆಯುವ ಘಾಟು ಆವಿಯ ಜೊತೆ ಹೋಯಿತು. ಆದರೆ ಸಾಸ್ ಗಟ್ಟಿಯಾದಂತೆ ಉಪ್ಪೂ ಸಿಹಿಯೂ ಜಾಸ್ತಿಯಾಗುತ್ತವೆ, ಆದ್ದರಿಂದ ಉಪ್ಪಿನ ಹದ ಕೊನೆಯಲ್ಲೇ ನೋಡಿ.

ಅಷ್ಟಾದರೂ ಹುಳಿ ಉಳಿದಿದ್ದರೆ ಅಡುಗೆ ಸೋಡಾ ಒಂದೇ ಚಿಟಿಕೆ ಸಾಕು. ನೊರೆ ಉಕ್ಕುತ್ತದೆ, ಕಲಕಿದರೆ ಇಳಿಯುತ್ತದೆ. ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ, ಹುಷಾರು.

ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟ ಮೇಲೆ ಇನ್ನೂ ಚೆನ್ನಾಗಿತ್ತು.