ದಂಡಿಗೆ ಹೋಗಿ ಬಾರದವರನ್ನು ಬ್ರಿಟನ್ನಿನ ಕಡತಗಳಲ್ಲಿ ಹುಡುಕುವ ಬಗೆ

ನಮ್ಮ ಮುತ್ತಜ್ಜನ ತಮ್ಮ ದಂಡಿಗೆ ಹೋದವರು ತಿರುಗಿ ಬರಲಿಲ್ಲ. ಬೆಳಗಾವಿ ಕಡೆಯ ನಮ್ಮ ಮನೆಯಲ್ಲಿ ಅವರದೆಂದು ಉಳಿದದ್ದು ಎರಡೇ: ‘ಬಸ್ರಾಕ್ಕೆ ಹೋಗಿದ್ದ’ ಎಂಬ ಮಾತು, ಮತ್ತು ದೇವರ ಕೋಣೆಯ ಪೆಟ್ಟಿಗೆಯಲ್ಲಿದ್ದ ಒಂದು ಬೆಳ್ಳಿ ಪದಕ. ಬ್ರಿಟನ್ನಿಗೆ ಬಂದ ಮೇಲೆ, ಆಳಿದವರ ಊರಲ್ಲವೇ, ಎಲ್ಲ ಇಲ್ಲೇ ಬರೆದಿಟ್ಟಿರಬೇಕು ಎಂದುಕೊಂಡು ಹುಡುಕತೊಡಗಿದೆ. ಮೊದಲ ಎರಡು ತಿಂಗಳು ನಮಗೆ ಸಂಬಂಧವೇ ಇಲ್ಲದ ಕಡತಗಳಲ್ಲಿ ಕಳೆದುಹೋದವು. ನಿಮಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ನೆರೆಯವರನ್ನು ಕೇಳಿದರೆ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಿ ಡಬ್ಲ್ಯುಓ 363 ನೋಡಿ ಎನ್ನುತ್ತಾರೆ. ಡಬ್ಲ್ಯುಓ ಎಂದರೆ ವಾರ್ ಆಫೀಸ್, ಬ್ರಿಟನ್ನಿನ ಯುದ್ಧ ಇಲಾಖೆ; ನಂಬರು ಅದರ ಕಡತಗಳ ಸಾಲಿನದ್ದು. 363 ಮೊದಲ ಮಹಾಯುದ್ಧದ ಸೈನಿಕರ ಸೇವಾ ದಾಖಲೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬಿಗೆ ಅದರ ಬಹುಪಾಲು ಸುಟ್ಟುಹೋಯಿತು. ಉಳಿದದ್ದೂ ಬ್ರಿಟಿಷ್ ಆರ್ಮಿಯದ್ದು. ಇಂಡಿಯನ್ ಆರ್ಮಿ ಬೇರೆಯೇ ಒಂದು ಸೇನೆ. ಅದರ ಅಧಿಕಾರಿಗಳ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿ, ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ಸಂಗ್ರಹದಲ್ಲಿವೆ. ಸಿಪಾಯಿಗಳ ಹೆಸರಿನ ಕಡತಗಳು ಲಂಡನ್ನಿಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿ ಸಿಪಾಯಿಯನ್ನು ಹುಡುಕುವುದಲ್ಲ, ಅವನ ಪಲ್ಟಣವನ್ನು, ಅಂದರೆ ಅವನಿದ್ದ ಸೇನಾ ತುಕಡಿಯನ್ನು, ಹುಡುಕಬೇಕು. ಇದು ತಲೆಗೆ ಹೋದ ದಿನ ನನ್ನ ಕೆಲಸ ದಾರಿಗೆ ಬಂತು.

ಪಲ್ಟಣ ತಿಳಿಯಲು ಮೊದಲು ಊರಿಗೆ ಫೋನ್ ಮಾಡಿ. ಪದಕವಿದ್ದರೆ ಅದರ ಮುಖ ಬಿಡಿ, ಅಂಚಿನ ಫೋಟೊ ಕೇಳಿ. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚಿನ ಮೇಲೆ ಸಿಪಾಯಿ ನಂಬರು, ಹೆಸರು, ಪಲ್ಟಣ ಕೊರೆದಿರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಲು ಬಿಡಬೇಡಿ, ಅಕ್ಷರ ಸವೆಯುತ್ತದೆ. ಸತ್ತವರ ಮನೆಗೆ ಕಳಿಸುತ್ತಿದ್ದ ದೊಡ್ಡ ಕಂಚಿನ ಫಲಕ ಸಿಕ್ಕರೆ ಅದರಲ್ಲಿ ಹೆಸರು ಮಾತ್ರ ಇರುತ್ತದೆ, ಪಲ್ಟಣ ಇರದು. ಪಿಂಚಣಿ ಕಾಗದ, ಹಳೇ ಮನಿಯಾರ್ಡರ್ ತುಂಡು, ಏನಿದ್ದರೂ ಹೊರಗೆ ತೆಗೆಸಿ, ಎಸೆಯಬೇಡಿ.

ನಂತರ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1917ರಲ್ಲಿ ಹುಟ್ಟಿದ ಈ ಸಂಸ್ಥೆ ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದೆ. ಇದರ ವೆಬ್‌ಸೈಟಿನಲ್ಲಿ ಹುಡುಕಲು ಹಣ ಕೊಡಬೇಕಿಲ್ಲ. ಆದರೆ ನಾವು ಹೇಳುವ ಹೆಸರು ಅಲ್ಲಿ ಸಿಗುವುದು ಅಪರೂಪ. ಭರ್ತಿ ಮಾಡಿಕೊಂಡವರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರು. ಬಸಪ್ಪನೊಬ್ಬ ನಾಲ್ಕು ಬಗೆಯಲ್ಲಿ ಸಿಕ್ಕಾನು, ಅಡ್ಡಹೆಸರು ಇರದಿರಬಹುದು. ನನಗೆ ಫಲ ಕೊಟ್ಟ ದಾರಿ ಹೇಳುತ್ತೇನೆ. ಹೆಸರಿನ ಜಾಗ ಖಾಲಿ ಬಿಡಿ. ಸೇನೆ ‘ಇಂಡಿಯನ್’ ಎಂದು ಆರಿಸಿ. ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಊರು, ತಾಲ್ಲೂಕು ಅಥವಾ ಜಿಲ್ಲೆಯ ಹೆಸರು ಹಾಕಿ, ಅದೂ ಅಂದಿನ ಕಾಗುಣಿತದಲ್ಲಿ: ಧಾರವಾಡ ‘ಧಾರ್ವಾರ್’, ಮಡಿಕೇರಿ ‘ಮರ್ಕಾರಾ’, ಕೊಡಗು ‘ಕೂರ್ಗ್’, ಬಳ್ಳಾರಿ ‘ಬೆಲ್ಲಾರಿ’. ‘ಇಂಥವರ ಮಗ, ಇಂಥ ಊರು’ ಎಂಬ ಒಂದು ಸಾಲು ಎಷ್ಟೋ ಹೆಸರುಗಳ ಕೆಳಗಿದೆ. ತಂದೆಯ ಹೆಸರು ತಾಳೆಯಾದರೆ ನಿಮ್ಮವರು ಸಿಕ್ಕಂತೆ. ಹೇಗೆ ಸತ್ತರು ಎಂಬುದು ಮಾತ್ರ ಅಲ್ಲಿರುವುದಿಲ್ಲ. ಗುಂಡೇಟೂ ಕಾಲರಾವೂ ಅಲ್ಲಿ ಒಂದೇ.

ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ಸಮಾಧಿಯಿಲ್ಲದೆ ಹೋದವರಿಗೆ ಬಸ್ರಾ ಸ್ಮಾರಕವಿದೆ. 40,000ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಆದರೆ ಕಲ್ಲಿನ ಮೇಲೆ ನಮ್ಮ ಸಿಪಾಯಿಗಳ ಹೆಸರಿಲ್ಲ. ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಉಳಿದವರನ್ನು ‘ಮತ್ತೆ ಇಷ್ಟು ಮಂದಿ’ ಎಂದು ಎಣಿಸಿಬಿಟ್ಟರು. ಇಂಥ ತಾರತಮ್ಯ ನಡೆದದ್ದನ್ನು ಕಮಿಷನ್ ತಾನೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನನಗೆ ಆ ಕ್ಷಮೆ ದೊಡ್ಡದಾಗಿಯೇ ಕಂಡಿತು, ಆದರೆ ನೂರು ವರ್ಷ ತಡ. ಹಾಗಾಗಿ ಕಲ್ಲಿನ ಚಿತ್ರ ನೋಡಿ ನಿರಾಶರಾಗಬೇಡಿ, ಪಟ್ಟಿಯಲ್ಲಿ ಹುಡುಕಿ.

ಪಲ್ಟಣ, ಸತ್ತ ತಾರೀಕು ಎರಡೂ ಕೈಗೆ ಬಂದ ಮೇಲೆ ಕ್ಯೂಗೆ ಹೋಗಿ. ಮೊದಲ ಯುದ್ಧದ ದಿನಚರಿಗಳು ಡಬ್ಲ್ಯುಓ 95ರಲ್ಲಿವೆ. ಪಲ್ಟಣ ಅಂದು ಎಲ್ಲಿತ್ತು, ಏನು ನಡೆಯಿತು ಎಂದು ದಿನದಿನವೂ ಬರೆದದ್ದು. ಎರಡನೇ ಯುದ್ಧಕ್ಕೆ ಬರ್ಮಾದ್ದು ಡಬ್ಲ್ಯುಓ 172, ಇಟಲಿಯದ್ದು 170. ಓದುಗರ ಚೀಟಿ ಉಚಿತ. ಹೆಸರಿಗೊಂದು, ವಿಳಾಸಕ್ಕೊಂದು ಗುರುತಿನ ಪತ್ರ ಬೇಕು. ಪೆನ್ ಬಿಡುವುದಿಲ್ಲ, ಪೆನ್ಸಿಲ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಪಲ್ಟಣದ ನಂಬರು 1922ರಲ್ಲಿ ಬದಲಾಯಿತೆಂಬುದು ನೆನಪಿರಲಿ: ಮೆಸೊಪೊಟೇಮಿಯಾದ ಕುತ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ 110ನೇ ಮರಾಠಾ, ಆಮೇಲೆ 5ನೇ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಯಿತು. ಮೊದಲ ಯುದ್ಧದವರನ್ನು ಹಳೇ ನಂಬರಿನಲ್ಲೇ ಹುಡುಕಬೇಕು.

ಮೈಸೂರು ಲಾನ್ಸರ್ಸ್‌ನವರ ಮನೆಯವರಿಗೆ ದಾರಿ ಬೇರೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಆ ಕುದುರೆಪಡೆ ಮಹಾರಾಜರದ್ದು, ಇಂಡಿಯನ್ ಆರ್ಮಿಯದ್ದಲ್ಲ. ಅವರಿದ್ದ ಬ್ರಿಗೇಡಿನ ದಿನಚರಿ ಕ್ಯೂನಲ್ಲಿದೆ; ಸಂಸ್ಥಾನದ ಕಾಗದಪತ್ರಗಳಿಗೆ ಮಾತ್ರ ಕರ್ನಾಟಕ ರಾಜ್ಯ ಪತ್ರಾಗಾರವನ್ನೇ ಕೇಳಬೇಕು.

ಎಲ್ಲ ಹುಡುಕಿಯೂ ಹೆಸರು ಸಿಗದಿದ್ದರೆ ಕಮಿಷನ್‌ಗೆ ಬರೆಯಿರಿ. ಸೇವೆಯಲ್ಲಿದ್ದಾಗ ಅಥವಾ ಸೇವೆಯ ಕಾರಣದಿಂದ, 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಇಲ್ಲವೇ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸತ್ತದ್ದಕ್ಕೆ ಪುರಾವೆ ಕೊಟ್ಟರೆ ಹೊಸ ಹೆಸರು ಸೇರಿಸುತ್ತಾರೆ. ಅದಕ್ಕೇ ಆ ಪಿಂಚಣಿ ಕಾಗದವನ್ನು ಎಸೆಯಬೇಡಿ ಎಂದದ್ದು.

ನಮ್ಮವರು ಸತ್ತ ದಿನದ ಪುಟದಲ್ಲಿ ಅವರ ಹೆಸರಿರಲಿಲ್ಲ. ದಿನಚರಿಯಲ್ಲಿ ಹೆಸರು ಬರುವುದು ಹೆಚ್ಚಾಗಿ ಸಾಹೇಬರದ್ದೇ, ಸಿಪಾಯಿಗಳು ‘ಐ.ಓ.ಆರ್.’ (ಇಂಡಿಯನ್ ಅದರ್ ರ‍್ಯಾಂಕ್ಸ್, ಅಂದರೆ ಅಧಿಕಾರಿಗಳಲ್ಲದ ಭಾರತೀಯರು) ಎಂಬ ಮೂರಕ್ಷರದ ಮುಂದೆ ಒಂದು ಅಂಕಿ. ಆ ಅಂಕಿಯೊಳಗೆ ಒಬ್ಬರು ನಮ್ಮ ಮನೆಯವರು ಎಂದು ಗೊತ್ತಿದ್ದುದರಿಂದ ಬಹಳ ಹೊತ್ತು ಪುಟ ತಿರುವಲಾಗಲಿಲ್ಲ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಅವರು ಅದನ್ನು ಪ್ರಿಂಟ್ ಹಾಕಿಸಿ ಪದಕದ ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ.