ಮಲೆನಾಡಿನ ಬಾಗಿಲಿಗೆ ಸ್ಮಾರ್ಟ್ ಬೀಗ: ಮೊದಲು ಮರ, ಆಮೇಲೆ ವೈಫೈ

ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿ. ಮದುವೆ, ಆಸ್ಪತ್ರೆ ಅಂತ ಅವರೂ ಹೊರಟರೆ ಮನೆಗೆ ಬೀಗ. ಪಂಪ್‌ಸೆಟ್ ಸ್ವಿಚ್ ಹಾಕಲು ಬರುವವರಿಗೆ, ನಾಯಿಗೆ ಅನ್ನ ಹಾಕುವ ಪಕ್ಕದ ಮನೆಯವರಿಗೆ ಕೀಲಿಕೈ ಎಲ್ಲಿಡುವುದು? ಹೂಕುಂಡದ ಕೆಳಗೆ, ಜಂತಿಯ ಸಂದಿಯಲ್ಲಿ ಇಟ್ಟ ಕೀಲಿಕೈ ಊರಿಗೆಲ್ಲ ಗೊತ್ತಿರುತ್ತದೆ. ಫೋನಿನಿಂದಲೇ ತೆಗೆಯಬಹುದಾದ, ಯಾರು ಎಷ್ಟು ಹೊತ್ತಿಗೆ ಬಂದರು ಎಂದು ತಿಳಿಸುವ ಬೀಗ ಇಂಥ ಮನೆಗೆ ನಿಜಕ್ಕೂ ಉಪಕಾರಿ.

ಆದರೆ ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆಯಲ್ಲಿ ನಮ್ಮ ಮಳೆಯ ಮಾತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯೂ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಅದಕ್ಕೇ ಇಲ್ಲಿ ಕೆಲಸದ ಕ್ರಮ ಬೇರೆ. ಮೊದಲು ಬಾಗಿಲು ಸರಿ ಮಾಡಿ, ಆಮೇಲೆ ಬೀಗ ಕೂರಿಸಿ, ವೈಫೈಗೆ ಎಲ್ಲಕ್ಕಿಂತ ಕೊನೆಗೆ ಕೈ ಹಾಕಿ.

ಯಾವ ಬಾಗಿಲಿಗೆ ಹಾಕಬೇಕು?

ಹಳೆಯ ತೊಟ್ಟಿಮನೆಯ ಹೆಬ್ಬಾಗಿಲಿಗೆ ದಯವಿಟ್ಟು ಬೇಡ. ಕೆತ್ತನೆ ಇರುವ ಹಲಸಿನ, ಬೀಟೆಯ, ಹೊನ್ನೆಯ ಬಾಗಿಲನ್ನು ಒಮ್ಮೆ ಕೊರೆದರೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಅದು ಸಾಮಾನ್ಯವಾಗಿ ಎರಡು ಕದದ ಬಾಗಿಲು ಬೇರೆ. ಒಂದು ಕದವನ್ನು ಮೇಲೆ ಕೆಳಗೆ ಟವರ್ ಬೋಲ್ಟ್ ಹಾಕಿ ಅಲುಗಾಡದಂತೆ ನಿಲ್ಲಿಸದೆ ಇನ್ನೊಂದು ಕದದ ಬೀಗಕ್ಕೆ ಹಿಡಿತವೇ ಸಿಗುವುದಿಲ್ಲ. ಹೆಬ್ಬಾಗಿಲಿಗೆ ಒಳಗಿನಿಂದ ಅಗಳಿ ಇದ್ದೇ ಇರುತ್ತದೆ, ಹಾಗೇ ಇರಲಿ. ದಿನವೂ ಓಡಾಡುವ ಪಕ್ಕದ ಬಾಗಿಲಿಗೋ ಹಿತ್ತಿಲ ಕಡೆಯ ಒಂಟಿ ಕದದ ಬಾಗಿಲಿಗೋ ಸ್ಮಾರ್ಟ್ ಬೀಗ ಹಾಕಿ. ಅದೂ ಆಗದಿದ್ದರೆ ರಿಮ್ ಬೀಗ ಎಂಬ ಜಾತಿ ಇದೆ. ಅದನ್ನು ಬಾಗಿಲ ಒಳಮೈಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ, ಮರ ಕೊರೆಯುವ ಕೆಲಸ ತುಂಬಾ ಕಡಿಮೆ.

ಬಾಗಿಲು ಗೊತ್ತಾದ ಮೇಲೆ ಅಳತೆ ತೆಗೆದುಕೊಳ್ಳಿ. ಅಂಗಡಿಗೆ ಹೋಗುವ ಮುಂಚೆಯೇ ತೆಗೆದುಕೊಳ್ಳಿ. ಬಾಗಿಲಿನ ದಪ್ಪ ಎಷ್ಟು? ಹೆಚ್ಚಿನ ಬೀಗಗಳು 35ರಿಂದ 55 ಮಿ.ಮೀ. ದಪ್ಪಕ್ಕೆ ಹೊಂದುತ್ತವೆ. ಹಳೆಯ ಬಾಗಿಲು ಅದಕ್ಕಿಂತ ದಪ್ಪ ಇದ್ದರೆ ಉದ್ದದ ಸ್ಕ್ರೂ, ಉದ್ದದ ಹಿಡಿಕೆ ಸರಳು ಬೇಕು ಎಂದು ಮೊದಲೇ ಕೇಳಿ. ಹಲಗೆ ಬಾಗಿಲಾದರೆ ಅಂಚಿನ ಪಟ್ಟಿಯ ಅಗಲ ನೋಡಿ. ಮರದೊಳಗೆ ಕೂರುವ ಮಾರ್ಟಿಸ್ ಬೀಗಕ್ಕೆ ಅದು ಸುಮಾರು 100 ಮಿ.ಮೀ.ಗಿಂತ ಅಗಲ ಇರಬೇಕು. ಬಿಜಾಗರಿ ಎಡಕ್ಕಿದೆಯೋ ಬಲಕ್ಕಿದೆಯೋ, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಇದನ್ನೂ ಬರೆದಿಡಿ. ಬಾಗಿಲು ಮುಚ್ಚಿದ್ದಾಗ ಒಂದು, ತೆರೆದಾಗ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅಂಗಡಿಯವರಿಗೂ ಸುಲಭ.

ಮರ ಉಬ್ಬುವ ಲೆಕ್ಕ

ಮೋಟಾರಿರುವ ಬೀಗಕ್ಕೆ ನಮ್ಮಲ್ಲಿ ದೊಡ್ಡ ಶತ್ರು ಕಳ್ಳನಲ್ಲ, ಉಬ್ಬಿದ ಕದ. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮಾರ್ಚ್ ಬಿಸಿಲಿನಲ್ಲಿ ಸಲೀಸಾಗಿ ಆಡುತ್ತಿದ್ದ ಬಾಗಿಲು ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಮಾಮೂಲಿ ಬೀಗವಾದರೆ ನಾವು ಮೊಣಕಾಲು ಕೊಟ್ಟು, ಹಿಡಿಕೆ ಎತ್ತಿ, ಹೇಗೋ ಕೀಲಿ ತಿರುಗಿಸುತ್ತೇವೆ. ಆ ಉಪಾಯ ಮೋಟಾರಿಗೆ ಗೊತ್ತಿಲ್ಲ. ಬೀಗದ ನಾಲಿಗೆ ದಾರಂದದ ತೂತಿನ ಅಂಚಿಗೆ ಬಡಿದರೆ ಅದು ತಳ್ಳುತ್ತದೆ, ಮತ್ತೆ ತಳ್ಳುತ್ತದೆ, ಆಮೇಲೆ ಕೀ ಕೀ ಅಂತ ಕೂಗಿ ಸುಮ್ಮನಾಗುತ್ತದೆ. ದಿನಾ ಹೀಗಾದರೆ ಸೆಲ್ ಬೇಗ ಮುಗಿಯುತ್ತದೆ, ಒಳಗಿನ ಹಲ್ಲುಚಕ್ರವೂ ಸವೆಯುತ್ತದೆ. ಬೀಗ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಬಾಗಿಲನ್ನೊಮ್ಮೆ ನೋಡಬೇಕು ಎನ್ನುವುದು ಇದಕ್ಕೇ.

ಪರೀಕ್ಷೆ ಸುಲಭ. ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ. ಎತ್ತದೆ, ಒತ್ತದೆ ಪೂರ್ತಿ ಮುಚ್ಚಿಕೊಂಡರೆ ಸರಿ. ಇಲ್ಲವಾದರೆ ಮೊದಲು ಬಿಜಾಗರಿಯ ಸ್ಕ್ರೂ ಬಿಗಿ ಮಾಡಿ, ಜೋತುಬಿದ್ದ ಕದ ಅರ್ಧ ಸರಿಹೋಗುವುದು ಅಲ್ಲೇ. ಆಮೇಲೂ ಹಿಡಿದರೆ ಬಡಗಿಯವರನ್ನು ಕರೆಸಿ ಹತ್ತರಿ ಹೊಡೆಸಿ. ಬೇಸಿಗೆಯಲ್ಲಿ ಕೆಲಸ ಮಾಡಿಸುವುದಾದರೆ ಕದಕ್ಕೂ ದಾರಂದಕ್ಕೂ ನಡುವೆ ಮೂರು ಮಿ.ಮೀ.ನಷ್ಟಾದರೂ ಸಂದು ಬಿಡಿಸಿ. ಮುಖ್ಯವಾಗಿ, ಹತ್ತರಿ ಹೊಡೆದ ಅಂಚಿಗೂ ಬೀಗಕ್ಕೆಂದು ಕೊರೆದ ಗುಂಡಿಯ ಒಳಮೈಗೂ ವಾರ್ನಿಶ್ ಬಳಿಯಲೇಬೇಕು. ಗುಂಡಿಯ ಒಳಗೆ ಯಾರು ನೋಡುತ್ತಾರೆ ಎಂದು ಇದನ್ನು ಬಿಟ್ಟುಬಿಡುತ್ತಾರೆ, ತೇವ ಹೀರುವುದು ಅದೇ ಹಸಿ ಮರ.

ಬೀಗ ಆರಿಸುವಾಗ

ಕೀಲಿಕೈ ಹಾಕುವ ತೂತು ಇರುವ ಬೀಗವನ್ನೇ ಕೊಳ್ಳಿ. ಸೆಲ್ ಪೂರ್ತಿ ಸತ್ತರೆ ಹೊರಗಿನಿಂದ ಕರೆಂಟು ಕೊಡಲು ಯುಎಸ್‌ಬಿ ಕಿಂಡಿಯೋ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿಯುವ ಎರಡು ಗುಬ್ಬಿಯೋ ಇರಬೇಕು. ಒಳಗಿನ ಹಿಡಿಕೆ ಒತ್ತಿದರೆ ಕರೆಂಟಿಲ್ಲದೆಯೂ ಬಾಗಿಲು ತೆರೆಯಬೇಕು. ಬೆಂಕಿ, ಹೊಗೆ ಎಂಬ ಹೊತ್ತಿನಲ್ಲಿ ಫೋನ್ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಎರಚಲು ಹೊಡೆಯುವ ಬಾಗಿಲಾದರೆ ಐಪಿ65 ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ. ಅದು ದೂಳು ಮತ್ತು ಚಿಮ್ಮುವ ನೀರನ್ನು ತಡೆಯುವ ಗುರುತು. ಹಾಗಿದ್ದರೂ ಪಡುವಣ ಗಾಳಿ ನೇರ ಬಡಿಯುವ ಕಡೆ ಸೋಗೆ ತಟ್ಟಿಯನ್ನೋ ಶೀಟನ್ನೋ ಕಟ್ಟುವುದು ಬಿಡಬೇಡಿ.

ಇನ್ನು ನೆಟ್‌ವರ್ಕಿನ ಬಗೆ. ನೇರ ವೈಫೈಗೆ ಸೇರುವ ಬೀಗ ಕೂರಿಸಲು ಸುಲಭ, ಆದರೆ ಸೆಲ್ ಜಾಸ್ತಿ ತಿನ್ನುತ್ತದೆ. ಇನ್ನೊಂದು ಬಗೆಯಲ್ಲಿ ಬೀಗ ಬ್ಲೂಟೂತ್‌ನಲ್ಲೋ ಜಿಗ್‌ಬೀ ಎಂಬ, ಕಡಿಮೆ ಕರೆಂಟಿನ ನಿಸ್ತಂತು ಬಗೆಯಲ್ಲೋ ಗೇಟ್‌ವೇ ಎಂಬ ಪುಟ್ಟ ಡಬ್ಬಿಯ ಜೊತೆ ಮಾತಾಡುತ್ತದೆ, ಡಬ್ಬಿ ಇಂಟರ್ನೆಟ್‌ಗೆ ಸೇರುತ್ತದೆ. ಮಲೆನಾಡಿನ ಮನೆಗೆ ನಾನು ಹೇಳುವುದು ಈ ಎರಡನೆಯದನ್ನೇ. ನಾಲ್ಕು ಸೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದವರೆಗೆ ಬರುತ್ತದೆ. ಡಬ್ಬಿಯನ್ನು ಬಾಗಿಲ ಹತ್ತಿರದ ಪ್ಲಗ್ಗಿಗೆ ಹಾಕುವುದರಿಂದ ದಪ್ಪ ಗೋಡೆಯ ತೊಂದರೆಯೂ ಕಡಿಮೆ. ಬೇರೆ ಬೇರೆ ಕಂಪನಿಯ ಸಾಮಾನು ಒಟ್ಟಿಗೆ ಬಳಸುವವರು 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಎಂಬ ಏರ್ಪಾಟಿಗೆ ಹೊಂದುವ ಬೀಗವೇ ಎಂದು ಕೇಳಬಹುದು.

ಕೂರಿಸುವ ಕೆಲಸ

ಮಾರ್ಟಿಸ್ ಬೀಗಕ್ಕೆ ಉಳಿ ಹಿಡಿಯುವ ಕೈ ಚೆನ್ನಾಗಿರಬೇಕು. ಹಳೆಯ ಹೊನ್ನೆಗೆ, ಬೀಟೆಗೆ ಹೊಸಬರು ಡ್ರಿಲ್ ಇಟ್ಟರೆ ಬಿಟ್ ಸುಡುತ್ತದೆ, ಅಂಚು ಸಿಡಿಯುತ್ತದೆ. ಊರಿನ ಬಡಗಿಯವರಿಗೇ ಒಪ್ಪಿಸಿ. ಆದರೆ ವೈರು, ಮೋಟಾರು ಅವರಿಗೆ ಹೊಸದಿರಬಹುದು, ಆದ್ದರಿಂದ ಪಕ್ಕದಲ್ಲಿ ನೀವೂ ಇರಿ.

ಪೆಟ್ಟಿಗೆಯಲ್ಲಿ ಒಂದು ಕಾಗದದ ಅಚ್ಚು ಬರುತ್ತದೆ. ಅದನ್ನು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಅಂಟಿಸಿ ಗುರುತು ಮಾಡಿಕೊಳ್ಳಿ. ನಮ್ಮ ಹೊಸ್ತಿಲು ಎತ್ತರ ಇರುವುದರಿಂದ ಹೊರಗೆ ಮೆಟ್ಟಿಲ ಮೇಲೆ ನಿಂತು ಒಮ್ಮೆ ಕೈ ಚಾಚಿ ನೋಡಿ, ಅಜ್ಜಿಗೆ ಎಟುಕುವಂತಿರಬೇಕು ಅಲ್ವಾ? ಅಂಚಿನಲ್ಲಿ ಗುಂಡಿ ತೆಗೆದು ಬೀಗದ ಪೆಟ್ಟಿಗೆ ಕೂರಿಸಿ. ಅದು ಸುತ್ತಿಗೆ ಪೆಟ್ಟು ಬೇಡದೆ, ಕೈಯಲ್ಲಿ ಒತ್ತಿದರೆ ಒಳಹೋಗುವಂತಿರಲಿ. ಆಮೇಲೆ ಹೊರಗಿನ ಫಲಕದಿಂದ ಬರುವ ವೈರನ್ನು ತೂತಿನ ಮೂಲಕ ಒಳಕ್ಕೆ ಎಳೆದುಕೊಂಡು ಒಳಗಿನ ಫಲಕಕ್ಕೆ ಸೇರಿಸಿ. ಇಲ್ಲಿ ನಿಧಾನ ಮಾಡಿ. ಫಲಕಕ್ಕೂ ಮರಕ್ಕೂ ನಡುವೆ ವೈರು ಸಿಕ್ಕಿ ನಜ್ಜಾದರೆ ಬೀಗ ಒಂದು ದಿನ ಕೆಲಸ ಮಾಡುತ್ತದೆ, ಇನ್ನೊಂದು ದಿನ ಇಲ್ಲ, ಕಾರಣ ಹುಡುಕಿ ಸಾಕಾಗುತ್ತದೆ. ಸ್ಕ್ರೂಗಳನ್ನು ಕೊನೆಗೆ ಕೈಯಿಂದಲೇ ಬಿಗಿ ಮಾಡಿ. ಡ್ರಿಲ್ಲಿನಿಂದ ಬಿಗಿದರೆ ಫಲಕ ಬಾಗಿ ಹಿಡಿಕೆ ಕಚ್ಚಿಕೊಳ್ಳುತ್ತದೆ.

ಈಗ ಸೆಲ್ ಹಾಕಿ, ಬಾಗಿಲು ತೆರೆದಿಟ್ಟೇ ಪರೀಕ್ಷೆ ಮಾಡಿ. ಕೀಲಿಕೈ, ಪಿನ್, ಒಳಗಿನ ಹಿಡಿಕೆ ಎಲ್ಲವೂ ನಾಲಿಗೆಯನ್ನು ಹೊರಗೆ ಒಳಗೆ ಆಡಿಸುವವರೆಗೆ ಬಾಗಿಲು ಮುಚ್ಚಲೇಬೇಡಿ. ಅದಾದ ಮೇಲೆ ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು, ಕದ ಮುಚ್ಚಿ ನಾಲಿಗೆ ಹೊರಡಿಸಿ. ದಾರಂದದ ಮೇಲೆ ಗುರುತು ಬಿದ್ದ ಕಡೆ ತೂತು ಕೊರೆದು ತಗಡು ಹೊಡೆಯಿರಿ. ಬಿಜಾಗರಿಯಿಂದ ದೂರದ ತುದಿಯೇ ಮಳೆಗಾಲದಲ್ಲಿ ಹೆಚ್ಚು ಸರಿಯುವುದು, ಹಾಗಾಗಿ ತೂತು ಮೇಲೆ ಕೆಳಗೆ ತುಸು ಸಡಿಲ ಇರಲಿ.

ಸೆಲ್ ಆಲ್ಕಲೈನ್ ಜಾತಿಯ ಪೆನ್ಸಿಲ್ ಸೆಲ್ಲೇ ಆಗಬೇಕು. ಗೋಡೆ ಗಡಿಯಾರಕ್ಕೆ ಹಾಕುವ ಮಾಮೂಲಿ ಸೆಲ್ ಮೋಟಾರಿನ ಸೆಳೆತ ತಡೆಯುವುದಿಲ್ಲ. ಚಾರ್ಜ್ ಮಾಡುವ ಸೆಲ್‌ನ ವೋಲ್ಟೇಜು 1.5ರ ಬದಲು 1.2 ಇರುವುದರಿಂದ ಬೀಗ ತೋರಿಸುವ ಚಾರ್ಜಿನ ಲೆಕ್ಕ ತಪ್ಪುತ್ತದೆ. ಹಳೆಯದು ಹೊಸದು ಬೆರೆಸಬೇಡಿ.

ಈಗ ವೈಫೈ

ಬೀಗಗಳು, ಗೇಟ್‌ವೇಗಳು ಬಹುತೇಕ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಈಗಿನ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ, ಫೋನ್ 5ರಲ್ಲಿ ಇದ್ದರೆ ಸೇರಿಸುವುದು ಅಲ್ಲೇ ನಿಂತುಬಿಡುತ್ತದೆ. ರೂಟರ್ ಸೆಟ್ಟಿಂಗಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ. ಅತಿಥಿ ನೆಟ್‌ವರ್ಕ್ ಮಾಡಲು ಬಂದರೆ ಬೀಗವನ್ನು, ಕ್ಯಾಮೆರಾವನ್ನು ಅದರಲ್ಲಿ ಇಡಿ, ನಿಮ್ಮ ಫೋನು, ಲ್ಯಾಪ್‌ಟಾಪ್ ಬೇರೆಯದರಲ್ಲಿ ಇರಲಿ. ಪಾಸ್‌ವರ್ಡಿನ ಬಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆಗಿರಲಿ.

ಕೆಂಪುಕಲ್ಲಿನ, ಮಣ್ಣಿನ ದಪ್ಪ ಗೋಡೆ ಸಿಗ್ನಲ್ ನುಂಗುತ್ತದೆ. ಗೇಟ್‌ವೇ ಇಡುವ ಜಾಗದಲ್ಲಿ ಫೋನ್ ಹಿಡಿದು ವೈಫೈ ಅಳೆಯುವ ಆ್ಯಪ್ ತೆರೆಯಿರಿ. ಮೈನಸ್ 67ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 80 ಎಂದರೆ ಆಗಾಗ ಕಡಿದುಹೋಗುತ್ತದೆ. ರೂಟರ್, ಫೈಬರ್ ಡಬ್ಬಿ, ಗೇಟ್‌ವೇ ಮೂರಕ್ಕೂ ಸಣ್ಣ ಯುಪಿಎಸ್ ಬೇಕು, ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಸೇರಿಸಿ. ಗುಡುಗು ಸಿಡಿಲಿನ ಸಂಜೆ ನೀವು ಮನೆಯಲ್ಲೇ ಇದ್ದರೆ ಇವನ್ನೆಲ್ಲ ಪ್ಲಗ್ಗಿನಿಂದ ಕಿತ್ತಿಡಿ. ಬೀಗಕ್ಕೆ ಏನೂ ಆಗುವುದಿಲ್ಲ, ಅದು ತನ್ನ ಸೆಲ್‌ನಲ್ಲೇ ನಡೆಯುತ್ತದೆ.

ಆ್ಯಪಿನ ಮುಖ್ಯ ಖಾತೆ ಮನೆಯವರ ಹೆಸರಲ್ಲೇ ಆಗಬೇಕು. ಕೂರಿಸಲು ಬಂದವರು "ನಾನೇ ಮಾಡಿಕೊಡ್ತೀನಿ ಸಾರ್" ಎಂದು ಅವರ ಫೋನಿನಲ್ಲಿ ಖಾತೆ ತೆರೆದರೆ ನಿಮ್ಮ ಮನೆಯ ಬೀಗದ ಯಜಮಾನರು ಅವರೇ. ನಿಮ್ಮ ಫೋನಿನಲ್ಲೇ ತೆರೆದು, ಎರಡು ಹಂತದ ಭದ್ರತೆ ಹಾಕಿ. ಕಾರ್ಖಾನೆಯಿಂದ ಬಂದ ಸಂಖ್ಯೆ, ಹೆಚ್ಚಾಗಿ 123456, ಅದನ್ನು ಅಲ್ಲೇ ನಿಂತು ಬದಲಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ.

ಅಡಿಕೆ ಸುಲಿಯುವ ಕೈ, ಬೆರಳಚ್ಚು

ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರ ಬೆರಳು ನೋಡಿದ್ದೀರಲ್ಲ? ಚೊಗರು ಹಿಡಿದು ಕಪ್ಪಾಗಿ, ತುದಿ ಒರಟಾಗಿ, ಗೆರೆಗಳೇ ಮಾಸಿಹೋಗಿರುತ್ತವೆ. ಬೇಸಿಗೆಯಲ್ಲಿ ದಾಖಲಿಸಿದ ಬೆರಳನ್ನು ಬೀಗ ಆಗ ಗುರುತಿಸುವುದಿಲ್ಲ. ವಯಸ್ಸಾದವರ ಬೆರಳಿಗೂ, ಒದ್ದೆ ಕೈಗೂ ಇದೇ ಪಾಡು. ಪ್ರತಿಯೊಬ್ಬರದೂ ಎರಡು ಕೈಯ ಒಂದೊಂದು ಬೆರಳಾದರೂ ದಾಖಲಿಸಿ. ಕತ್ತಿಯ ಕೆಲಸಕ್ಕೆ ಹೆಚ್ಚು ಸಿಗದ ಬೆರಳು, ಅಂದರೆ ಉಂಗುರದ ಬೆರಳೋ ಕಿರುಬೆರಳೋ ಒಳ್ಳೆಯದು. ಒಂದೇ ಬೆರಳನ್ನು ಎರಡು ಹೆಸರಲ್ಲಿ, ಸ್ವಲ್ಪ ಓರೆಯಾಗಿಟ್ಟು ದಾಖಲಿಸಿದರೂ ಪ್ರಯೋಜನವಿದೆ. ಅಷ್ಟಾದರೂ ಅಮ್ಮನ ಬೆರಳು ಹಿಡಿಯದಿದ್ದರೆ ಬಲವಂತ ಬೇಡ, ಕಾರ್ಡ್ ಕೊಡಿ. ತಾಳಿ ಸರಕ್ಕೋ ಸೊಂಟದ ಕೀಲಿ ಗೊಂಚಲಿಗೋ ಸಿಕ್ಕಿಸುವ ಪುಟ್ಟ ಟ್ಯಾಗ್ ಕೂಡ ಸಿಗುತ್ತದೆ. ಬೀಗ ಮನೆಯವರಿಗೆ ಹೊಂದಬೇಕೇ ಹೊರತು ಮನೆಯವರು ಬೀಗಕ್ಕಲ್ಲ.

ಕೆಲಸಕ್ಕೆ ಬರುವವರಿಗೆ ಒಬ್ಬೊಬ್ಬರಿಗೂ ಬೇರೆ ಪಿನ್ ಕೊಡಿ, ದಿನ ಮತ್ತು ಹೊತ್ತು ಕಟ್ಟಿ. ಎಲ್ಲರಿಗೂ ಒಂದೇ ಪಿನ್ ಕೊಟ್ಟರೆ ಯಾರು ಬಂದರು ಎಂದು ತಿಳಿಯುವುದೂ ಇಲ್ಲ, ಯಾರ ಮೇಲೋ ಸುಮ್ನೆ ಅನುಮಾನ ಬೇರೆ. ಹೆಚ್ಚಿನ ಬೀಗಗಳಲ್ಲಿ ಸರಿಯಾದ ಪಿನ್ನಿನ ಹಿಂದೆ ಮುಂದೆ ಬೇರೆ ಅಂಕಿ ಒತ್ತಿದರೂ ತೆರೆಯುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದಾಗ ಹಾಗೆ ಒತ್ತಲು ಮನೆಯವರಿಗೆ ಕಲಿಸಿ.

ಹೋಮ್‌ಸ್ಟೇ ನಡೆಸುವವರು ಒಂದು ವಿಷಯ ಕೇಳಿ ಕೊಳ್ಳಬೇಕು. ಕೆಲವು ಬೀಗಗಳ ತಾತ್ಕಾಲಿಕ ಪಿನ್, ಬೀಗದ ಒಳಗಿನ ಗಡಿಯಾರ ನೋಡಿ ಲೆಕ್ಕ ಹಾಕುವಂಥದ್ದು. ನಿಮ್ಮ ಫೋನಿನಲ್ಲಿ ಪಿನ್ ತಯಾರಿಸಿ ಅತಿಥಿಗೆ ಕಳಿಸಿದರೆ ಸಾಕು, ಬಾಗಿಲ ಹತ್ತಿರ ನೆಟ್‌ವರ್ಕೇ ಬೇಡ. ಘಟ್ಟದ ಮೇಲೆ ಇದೇ ಬೇಕಾದದ್ದು. ಸೆಲ್ ತುಂಬಾ ದಿನ ಸತ್ತು ಬಿದ್ದಿದ್ದರೆ ಗಡಿಯಾರ ತಪ್ಪಿ ಹೊಸ ಪಿನ್ ಹಿಡಿಯುವುದಿಲ್ಲ. ಆಗ ಬೀಗದ ಹತ್ತಿರ ಫೋನ್ ಒಯ್ದು ಬ್ಲೂಟೂತ್‌ನಲ್ಲಿ ಹೊತ್ತು ಸರಿಹೊಂದಿಸಿ.

ಮಳೆಗೆ ಮುಂಚೆ, ಮಳೆಯ ನಡುವೆ

ಮೃಗಶಿರಾ ಮಳೆಗೆ ಮೊದಲು ನಾಲ್ಕೂ ಸೆಲ್ ಬದಲಿಸಿ, ಹಳೆಯದರಲ್ಲಿ ಇನ್ನೂ ಚಾರ್ಜ್ ಉಳಿದಿದ್ದರೂ ಸರಿ. ಆರಿದ್ರಾ ಮುಗಿದ ಮೇಲೆ ಒಮ್ಮೆ ಸೀಮೆಸುಣ್ಣದ ಪರೀಕ್ಷೆ ಮತ್ತೆ ಮಾಡಿ, ಬೇಕಾದರೆ ದಾರಂದದ ತಗಡನ್ನು ಸ್ವಲ್ಪ ಸರಿಸಿ. ಸೆಲ್ ಇಡುವ ಗೂಡಿನಲ್ಲಿ ಇರುವೆ, ಹಸಿರು ಕಿಲುಬು ಇದೆಯೇ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ. ಕೀಲಿಕೈ ತೂತಿಗೆ ಎಣ್ಣೆ ಬಿಡಬೇಡಿ, ದೂಳು ಕಚ್ಚುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಸಾಕು. ಆ ತೂತಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟುವುದೂ ಉಂಟು, ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ಕಣ್ಣಿಟ್ಟಿರಿ.

ಬೀಗದ ಜೊತೆ ಬರುವ ಕೀಲಿಕೈಗಳನ್ನು ಎಲ್ಲರೂ ಬೀರುವಿನೊಳಗೆ ಜೋಪಾನವಾಗಿ ಇಡುತ್ತಾರೆ. ಬೀಗ ಕೈಕೊಟ್ಟ ದಿನ ಬೀರು ಒಳಗೆ, ನೀವು ಹೊರಗೆ. ಒಂದನ್ನು ನಂಬಿಕೆಯ ನೆರೆಮನೆಯಲ್ಲಿ ಕೊಟ್ಟಿಡಿ, ಇನ್ನೊಂದು ಬೆಂಗಳೂರಿನ ಮಕ್ಕಳ ಕೈಯಲ್ಲಿರಲಿ. ಮನೆ ಮಾರುವಾಗ, ಬಾಡಿಗೆಯವರು ಬದಲಾದಾಗ ಬೀಗವನ್ನು ರೀಸೆಟ್ ಮಾಡಿ ಎಲ್ಲ ಬೆರಳು, ಪಿನ್, ಕಾರ್ಡ್ ಅಳಿಸಿ, ಆ್ಯಪಿನಿಂದಲೂ ಅದನ್ನು ತೆಗೆದುಹಾಕಿ.