ಶರಣಬಸವೇಶ್ವರ ತೇರಿಗೆ ಹನ್ನೆರಡು ಮಂದಿ: ಹೋಗಿ ಬಂದ ಬಗೆ

ಕಲಬುರಗಿ ಶರಣಬಸವೇಶ್ವರ ತೇರಿಗೆ ಹನ್ನೆರಡು ಗೆಳೆಯರು ಹೋಗಿ, ಹನ್ನೆರಡೂ ಮಂದಿ ಒಟ್ಟಿಗೇ ಮನೆ ಮುಟ್ಟುವುದು ಆಗದ ಮಾತು ಅಂತ ನಮ್ಮ ಶಹಾಬಾದಿನಲ್ಲಿ ಹೇಳದವರಿರಲಿಲ್ಲ. ಈಗ ಎರಡು ವರ್ಷದಿಂದ ಆಗುತ್ತಿದೆ. ಕೂಡಿ ಹೋಗುತ್ತೇವೆ, ಕೂಡಿ ಬರುತ್ತೇವೆ, ಗದ್ದಲದೊಳಗೆ ಮಾತ್ರ ಮೂರು ಮೂರು ಮಂದಿಯಾಗಿ ಒಡೆದು ನಿಲ್ಲುತ್ತೇವೆ. "ಬ್ಯಾರೆ ಬ್ಯಾರೆ ನಿಂತ್ರ ಅದೆಂಥಾ ಜಾತ್ರಿರೀ ಅಣ್ಣಾ" ಅಂದವರೇ ಈಗ ನಮ್ಮ ಜೋಡಿ ಬರಲು ಹೆಸರು ಕೊಡುತ್ತಾರೆ.

ಮೊದಲು ಕೈ ಕೈ ಹಿಡಿದು ಸರಪಳಿ ಮಾಡುತ್ತಿದ್ದೆವು. ಆ ಗದ್ದಲದಲ್ಲಿ ಅದು ಐದು ನಿಮಿಷ ಬಾಳುವುದಿಲ್ಲ. ಅಡ್ಡ ಹಾಯುವವರು ನಡುವೆ ನುಗ್ಗುತ್ತಾರೆ, ಕೈ ಬಿಡದವನ ರಟ್ಟೆ ಉಳುಕುತ್ತದೆ. ಆಮೇಲೆ ಇಬ್ಬಿಬ್ಬರಾಗಿ ನೋಡಿದೆವು. ಒಬ್ಬನಿಗೆ ತಲೆ ಸುತ್ತಿದರೆ ಇನ್ನೊಬ್ಬ ಅವನನ್ನು ಬಿಟ್ಟು ನೀರಿಗೂ ಹೋಗಲಾರ. ಮೂವರಾದರೆ ಒಬ್ಬ ಹಿಡಿದು ಕೂಡುತ್ತಾನೆ, ಒಬ್ಬ ಓಡುತ್ತಾನೆ. ಮುಂದೆ ಗಟ್ಟಿ ಆಳು, ನಡುವೆ ಸಣ್ಣಾಳು, ಹಿಂದೆ ಎತ್ತರದವನು. ಹಿಡಿತ ಬೆಲ್ಟಿನ ಮೇಲೆ ಇರಲಿ. ಅಂಗಿ ಹಿಡಿದರೆ ಗುಂಡಿ ಕಿತ್ತು ಕೈಗೆ ಬರುತ್ತವೆ.

ಗುರುತಿಗಾಗಿ ಮಾಡಿದ ಖರ್ಚು ಹೆಚ್ಚು ಹಾಳಾಯಿತು. ಒಂದೇ ಬಣ್ಣದ ಹನ್ನೆರಡು ಟೋಪಿಗೆ 700 ರೂಪಾಯಿ ಕೊಟ್ಟೆವು, ಅಲ್ಲಿ ಹೋದರೆ ಅದೇ ಕೇಸರಿ ಟೋಪಿ ಸಾವಿರ ತಲೆ ಮೇಲೆ. ಕೋಲಿಗೆ ಬಲೂನು ಕಟ್ಟಿದರೆ ಮಂದಿ ತೇರಿಗೆ ಒಗೆಯುವ ಉತ್ತತ್ತಿ ಬಡಿದು ಒಡೆಯಿತು. ಈಗ ಕೋಲಿನ ತುದಿಗೆ ಬೇರೊಂದು ವಸ್ತು ಕಟ್ಟುತ್ತೇವೆ, ಅಡುಗೆ ಮನೆಯದು, ಸಂಜೆ ಬೆಳಕಿಗೆ ದೂರದಿಂದ ಹೊಳೆಯುತ್ತದೆ. ಯಾವುದು ಅಂತ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕಟ್ಟಿದರೆ ನಮಗೇ ಗುರುತು ಸಿಗುವುದಿಲ್ಲ.

ಫೋನು ನಂಬಬೇಡಿ. ಐದು ಗಂಟೆ ದಾಟಿದರೆ ಕರೆ ಹತ್ತುವುದಿಲ್ಲ. ಮೆಸೇಜ್ ಹೋದರೂ ಅರ್ಧ ತಾಸು ತಡ. ಸೇರುವ ಜಾಗ ಮೊದಲೇ ಗೊತ್ತಿರಬೇಕು. "ತೊಟ್ಟಿಲ ಕೆಳಗ" ಅಂತ ಮಾತಾಡಿಕೊಂಡ ವರ್ಷ ಎರಡು ದೊಡ್ಡ ತೊಟ್ಟಿಲು ಬಂದಿದ್ದವು, ಆರು ಮಂದಿ ಇಲ್ಲಿ, ಆರು ಮಂದಿ ಅಲ್ಲಿ. ಬೆಂಡು ಬೆತ್ತಾಸಿನ ಅಂಗಡಿ ಹೇಳಿದ ವರ್ಷ ಅಂಗಡಿಯನ್ನೇ ಜರುಗಿಸಿದ್ದರು. ಈಗ ಗದ್ದಲದ ಹೊರಗೆ, ರಸ್ತೆ ಬದಿಯ ಒಂದು ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಗುರುತು ಹಿಡಿದಿದ್ದೇವೆ. ಬೇಲಿ ಇರುತ್ತದೆ, ಯಾರೂ ಅಂಗಡಿ ಹಚ್ಚುವುದಿಲ್ಲ, ಕಿತ್ತು ಒಯ್ಯುವುದೂ ಇಲ್ಲ. ಬೇಲಿಗೆ ಒರಗದೆ ಎದುರು ಬದಿಗೆ ನಿಲ್ಲಬೇಕು. ಏಳೂವರೆಗೆ ಒಮ್ಮೆ, ಎಂಟಕ್ಕೆ ಒಮ್ಮೆ ಎಣಿಕೆ. ಎಂಟೂಕಾಲಿಗೂ ಯಾರಾದರೂ ಬಾರದಿದ್ದರೆ ಮೂವರನ್ನು ಅಲ್ಲೇ ಬಿಟ್ಟು ಉಳಿದವರು ಹೊರಡಬೇಕು. ಹುಡುಕಲು ಯಾರೂ ಒಳಗೆ ಹೋಗಬಾರದು.

ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು, ಹಿಂದಿನ ಸಂಜೆ ಉಚ್ಚಾಯಿ, ಅಂದರೆ ಸಣ್ಣ ತೇರು. ಉಚ್ಚಾಯಿಗೆ ಇಬ್ಬರನ್ನು ಕಳಿಸಿ ಆ ವರ್ಷದ ಅಂಗಡಿ ಸಾಲು, ಪೊಲೀಸರ ಬ್ಯಾರಿಕೇಡು, ಹೊರಬೀಳುವ ಸಂದಿ ನೋಡಿಸುತ್ತೇವೆ. ಅವರಿಬ್ಬರ ಟಿಕೆಟ್ ಎಲ್ಲರ ಪಟ್ಟಿಯಿಂದ. ಈ ಖರ್ಚಿಗೇ ಮೊದಲು ಜಗಳ ಇತ್ತು, ಈಗ ಇಲ್ಲ.

ತೇರಿನ ದಿನ ಮೂರು ಗಂಟೆಯೊಳಗೆ ಜಾಗ ಹಿಡಿಯಬೇಕು. ಪಡುವಣ ಬೆಳಕು ಬೆನ್ನಿಗೆ ಬೀಳುವಂತೆ ನಿಂತರೆ ಸಂಜೆ ಕಣ್ಣು ಕುಕ್ಕುವುದಿಲ್ಲ. ತೇರು ಎಳೆಯುವ ಮುನ್ನ ಪೀಠಾಧಿಪತಿಗಳು ಪರುಷ ಬಟ್ಟಲು (ಸಂಸ್ಥಾನದ ಪವಿತ್ರ ಬಟ್ಟಲು) ತೋರಿಸುತ್ತಾರೆ. ಆಗ ಮಂದಿಯೆಲ್ಲ ಒಂದೇ ಸಲ ಮುಂದಕ್ಕೆ ಒತ್ತುತ್ತದೆ. ಆ ಹೊತ್ತಿಗೆ ಎರಡೂ ಕೈ ಮಡಚಿ ಎದೆಯ ಮುಂದೆ ಇರಬೇಕು, ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಒತ್ತಡಕ್ಕೆ ಎದುರು ತಳ್ಳಬೇಡಿ. ಅಲೆ ಸಡಿಲಾದಾಗ ಓರೆಯಾಗಿ ಎರಡು ಹೆಜ್ಜೆ, ಮತ್ತೆ ನಿಲ್ಲಿ, ಮತ್ತೆ ಎರಡು ಹೆಜ್ಜೆ.

ಗಾಲಿಗೆ ಸನ್ನೆ, ಅಂದರೆ ಮರದ ತಡೆ, ಕೊಡುವವರ ಮೇಲೆ ಒಂದು ಕಣ್ಣಿರಲಿ. ಯಾವ ಬದಿಯ ಗಾಲಿಗೆ ಸನ್ನೆ ಬೀಳುತ್ತದೋ ಆ ಗಾಲಿ ತಡೆದು, ತೇರು ಆ ಬದಿಗೇ ಹೊರಳುತ್ತದೆ. ಆ ಬದಿಯ ಮಂದಿ ಹಿಂದಕ್ಕೆ ಓಡುತ್ತಾರೆ. ಇದು ತಿಳಿದಿದ್ದರೆ ನಿಮಗೆ ಹತ್ತು ಸೆಕೆಂಡು ಮುಂಚೆ ಗೊತ್ತಾಗುತ್ತದೆ.

ಹವಾಯಿ ಚಪ್ಪಲಿ ಬೇಡ. ಹಿಂದಿನವ ಹಿಮ್ಮಡಿ ತುಳಿದರೆ ಉಂಗುಟ ಕಿತ್ತು ಮುಗ್ಗರಿಸುತ್ತೀರಿ. ಲಾಡಿ ಬಿಗಿದ ಕ್ಯಾನ್ವಾಸ್ ಬೂಟು ಒಳ್ಳೆಯದು. ದರ್ಶನ, ದಾಸೋಹದ ಪ್ರಸಾದ ಎಲ್ಲ ಮುಂಜಾನೆಯೇ ಮುಗಿದಿರುವುದರಿಂದ ಸಂಜೆ ಬೂಟು ಬಿಚ್ಚುವ ಪ್ರಶ್ನೆ ಬರುವುದಿಲ್ಲ.

ಉತ್ತತ್ತಿಯ ಮಾತು ಬೇರೆ. ಗಂಜ್ ಮಾರುಕಟ್ಟೆಯಲ್ಲಿ ಒಂದು ಕಿಲೋ ತಂದರೆ 250 ರೂಪಾಯಿ ಆಸುಪಾಸು, ತಲೆಗೆ ಎಂಟೊಂಬತ್ತು ಬರುತ್ತವೆ. ಜಾತ್ರೆಯಲ್ಲಿ ಸಣ್ಣ ಪೊಟ್ಟಣಕ್ಕೆ ದುಪ್ಪಟ್ಟು. ಒಣಗಿ ಕಲ್ಲಾದದ್ದನ್ನೇ ಆರಿಸಿ. ಮೆತ್ತಗಿದ್ದರೆ ದೂರ ಹೋಗುವುದಿಲ್ಲ. ಒಮ್ಮೆ ಎರಡೆರಡನ್ನು ದಾರದಿಂದ ಕಟ್ಟಿ ಒಗೆದು ನೋಡಿದೆವು, ತಿರುಗುತ್ತ ಅರ್ಧ ದಾರಿಯಲ್ಲೇ ಬಿದ್ದವು. ಒಗೆಯಲು ಬಾಳೆಹಣ್ಣೂ ಎರಡು ಡಜನ್, ದೋರಗಾಯಿ ಇರಲಿ. ಹಣ್ಣಾದವು ಚೀಲದಲ್ಲೇ ಪಾಯಸ. ನಮ್ಮ ತಂಡದ ಒಬ್ಬ ಒಂಬತ್ತರಲ್ಲಿ ಏಳನ್ನು ತೇರಿಗೆ ಮುಟ್ಟಿಸುತ್ತಾನೆ, ಅವನ ಸಮ ನಾನು ಇನ್ನೂ ಯಾರನ್ನೂ ಕಂಡಿಲ್ಲ. ಅವನ ಕೈ ತಿರುವು ಅವನೇ ಹೇಳಬೇಕು. ಬಿದ್ದ ಉತ್ತತ್ತಿ ಎತ್ತಲು ಮಾತ್ರ ಬಗ್ಗಬೇಡಿ. ಜನ ಕಾಲ್ಕೆಳಗೆ ಬೀಳುವುದು ಹೀಗೆ ಬಗ್ಗಿದಾಗಲೇ. ತಲೆಗೆ ರುಮಾಲು ಸುತ್ತಿರಿ, ಹಿಂದಿನಿಂದ ಬಂದ ಉತ್ತತ್ತಿ ಬುರುಡೆಗೆ ಚೆನ್ನಾಗಿಯೇ ಬಡಿಯುತ್ತದೆ.

ಒಂದು ವರ್ಷ ಮಾಳಿಗೆ ಮೇಲಿಂದ ನೋಡಿದೆವು, ತಲೆಗೆ 100 ರೂಪಾಯಿ. ಕಾಣುವುದೇನೋ ಚೆನ್ನಾಗಿ ಕಂಡಿತು. ಆದರೆ ಒಂದು ಉತ್ತತ್ತಿಯೂ ಮುಟ್ಟಲಿಲ್ಲ. ಮತ್ತೆ ಹೋಗಲಿಲ್ಲ.

ಕ್ರೂಸರ್ ಮಾಡಿದ ವರ್ಷ ಬಾಡಿಗೆ 2,800, ಕಾದದ್ದಕ್ಕೆ 500, ನಿಲ್ಲಿಸಲು 100. ಮರಳುವಾಗ ಎರಡೂವರೆ ತಾಸು ರಸ್ತೆಯಲ್ಲೇ ಸಿಕ್ಕಿಬಿದ್ದೆವು. ತಲೆಗೆ 280ರ ಮೇಲೆ ಬರೀ ಗಾಡಿಗೇ ಹೋಯಿತು. ಈಗ ರೈಲು: ಹೋಗಿ ಬರಲು 60ರೊಳಗೆ, ಟಂಟಂ ಆಟೋಗೆ 40, ಉತ್ತತ್ತಿ ಹಣ್ಣಿಗೆ 30, ಮಿರ್ಚಿ ಭಜಿ, ಚಹಾ, ಕಲ್ಲಂಗಡಿಗೆ 70. ಇನ್ನೂರಕ್ಕೆ ಎಲ್ಲ ಮುಗಿಯುತ್ತದೆ. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಮನೆಯಿಂದ. ಖಡಕ್ ರೊಟ್ಟಿ ಒತ್ತಿನಲ್ಲಿ ಪುಡಿಯಾಗುತ್ತದೆ, ಬಿಸಿ ರೊಟ್ಟಿಯನ್ನೇ ಮಡಚಿ ಕಟ್ಟಿಕೊಳ್ಳಿ. ನೀರು ತಲೆಗೆ ಒಂದೂವರೆ ಲೀಟರ್, ಉಪ್ಪು ಹಾಕಿದ ಮಜ್ಜಿಗೆ ಅರ್ಧ ಲೀಟರ್.

ಇನ್ನೊಂದು: ಹುಣ್ಣಿಮೆ ಕಳೆದು ಐದನೇ ದಿನ ಆದ್ದರಿಂದ ಚಂದ್ರ ಮೂಡುವುದು ರಾತ್ರಿ ಹತ್ತರ ಮೇಲೆ. ತೇರು ಮುಗಿದು ಹೊರಬರುವಾಗ ಅಂಗಡಿ ದೀಪ ದಾಟಿದರೆ ಕತ್ತಲು, ಕೆಳಗೆ ತುಳಿದ ಬಾಳೆಹಣ್ಣಿನ ಸಿಪ್ಪೆ. ಫೋನಿನ ಬ್ಯಾಟರಿ ಅಷ್ಟೊತ್ತಿಗೆ ವಿಡಿಯೋ ಮಾಡಿ ಖಾಲಿಯಾಗಿರುತ್ತದೆ. ಮೂವರಿಗೆ ಒಂದು ಸಣ್ಣ ಟಾರ್ಚ್ ಇರಲಿ, ಅದು ಹಿಂದಿನವನ ಕೈಯಲ್ಲಿ.